ಕಾಯಬಾರದ ಊರು

ಆಚೆ ಊರಿನಿಂದ ನಮ್ಮೂರಿಗೆ ವಿಮಾನದಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಹೊಸಬರು ಯಾರಾದರೂ ಕೇಳಿದರೆ ನಮ್ಮ ಜನ ಅವರನ್ನು ಮೊದಲು ಕೂರಿಸಿ ಚಹಾ ಕೊಡುತ್ತಾರೆ. ಆಮೇಲೆ, "ಬರೋರು ಯಾರ್ರೀ? ಅವರ ಮನಿ ಮಂದಿ ಎಂಥವರು?" ಎಂದು ವಿಚಾರಿಸುತ್ತಾರೆ. ಇಳಿಯುವ ಊರಿನಲ್ಲಿ ಯಾರೂ ಕಾಯದಿದ್ದರೆ ವಿಮಾನ ಒಂದು ಹಂಡೆ ನೀರು ಕಾಯುವಷ್ಟರಲ್ಲಿ ಬಂದು ಇಳಿಯುತ್ತದೆ. ಒಬ್ಬರು ದಾರಿ ನೋಡುತ್ತ ಕೂತರೂ ಸಾಕು, ದಾರಿ ಹಿಗ್ಗತೊಡಗುತ್ತದೆ. ಕಾಯುವುದು ಹೆಚ್ಚಿದಷ್ಟೂ ಹಿಗ್ಗುತ್ತಲೇ ಹೋಗುತ್ತದೆ. ಮೇಲೆ ಕೂತವರಿಗೆ ಅದು ಒಂದು ಉದ್ದನೆಯ ಮಧ್ಯಾಹ್ನ. ಸೂರ್ಯ ಕಿಟಕಿಯಲ್ಲೇ ನಿಂತುಬಿಡುತ್ತಾನೆ, ಅಷ್ಟೆ. ಕೆಳಗಿದ್ದವರಿಗೆ ವಾರಗಳು ಹೋಗುತ್ತವೆ, ತಿಂಗಳುಗಳು ಹೋಗುತ್ತವೆ.

ಹಾಗಾಗಿ ನಮ್ಮೂರ ವಿಮಾನ ನಿಲ್ದಾಣದಲ್ಲಿ ಕಾಯುವ ಕೋಣೆ ಇಲ್ಲ. ಆ ಜಾಗದಲ್ಲಿ ಹಿಟ್ಟಿನ ಗಿರಣಿ ಇದೆ, ಒಂದು ಕ್ಷೌರದ ಅಂಗಡಿ ಇದೆ, ಕೇರಂ ಆಡಲು ಎರಡು ಹಲಗೆಗಳಿವೆ. ಗಡಿಯಾರವನ್ನು ನಮ್ಮ ಅಜ್ಜಂದಿರ ಕಾಲದಲ್ಲೇ ಇಳಿಸಿದ್ದಾರೆ. ಊರಲ್ಲಿ ಯಾರನ್ನಾದರೂ ಬಯ್ಯಬೇಕೆಂದರೆ "ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನೇ" ಎನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ನಮ್ಮಲ್ಲಿಲ್ಲ. ಮರೆಯುವುದು ಅತಿಯಾದರೆ ಅದೂ ಎಡವಟ್ಟೇ. ಪೇಟೆ ಓಣಿಯ ಒಂದು ಮನೆಯವರು ಅಳಿಯನ ದಾರಿ ಬೇಗ ಸಾಗಲಿ ಎಂದು ಎಷ್ಟು ಕಟ್ಟುನಿಟ್ಟಾಗಿ ಮರೆತರೆಂದರೆ, ಅವನು ಇಳಿದು ಮನೆಗೆ ಬಂದಾಗ ಮಾವನೇ ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ತು?" ಎಂದು ಕೇಳಿದರಂತೆ.

ನಾನು ಮರೆಸುವವಳು. ಹೆಸರು ದಾಕ್ಷಾಯಣಿ, ಊರಿಗೆಲ್ಲ ದಾಕ್ಷಕ್ಕ. ಮನೆಯವರು ಯಾರಾದರೂ ವಿಮಾನದಲ್ಲಿದ್ದು, ಕೆಳಗಿದ್ದವರಿಗೆ ಕಾಯದೆ ಇರಲು ಆಗದಿದ್ದರೆ ನಿಲ್ದಾಣದವರು ನನ್ನನ್ನು ಆ ಮನೆಗೆ ಕಳಿಸುತ್ತಾರೆ. ನನ್ನ ವಿದ್ಯೆ ದೊಡ್ಡದೇನಲ್ಲ. ನಡುವೆ ಬಿಟ್ಟೇಳಲು ಬಾರದಂಥ ಕೆಲಸ ಹಚ್ಚುತ್ತೇನೆ. ಶಾವಿಗೆ ಹೊಸೆಯುವುದು, ಹಪ್ಪಳದ ಹಿಟ್ಟು ಕುಟ್ಟುವುದು. ಅದಕ್ಕೂ ಬಗ್ಗದಿದ್ದರೆ ಜಗಳ ತೆಗೆಯುತ್ತೇನೆ. ಅತ್ತೆಯ ಅಡುಗೆಯ ಮೇಲೆ ನಾನೊಂದು ಮಾತಾಡಿದರೆ ಎಂಥ ವಿರಹಿಣಿಯೂ ವಿಮಾನ ಮರೆತು ನನ್ನ ಮೇಲೆ ಬರುತ್ತಾಳೆ. ಈ ಕೆಲಸಕ್ಕೆ ಎಲ್ಲರನ್ನೂ ತೆಗೆದುಕೊಳ್ಳುವುದಿಲ್ಲ. ತಮ್ಮವರೆಂಬುವರು ಯಾವ ಊರಲ್ಲೂ ಇಲ್ಲದವರೇ ಆಗಬೇಕು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ ನಾನು ಒಂದೊಂದು ಸಲ ಒಂದೊಂದು ಕಥೆ ಹೇಳಿದ್ದೇನೆ. ಎಲ್ಲವೂ ಚೆನ್ನಾಗಿದ್ದವು.

ಆ ವರ್ಷ ನಿಲ್ದಾಣದ ಮ್ಯಾನೇಜರ್ ಮೋದಿನಸಾಬರು ಬೆಳಿಗ್ಗೆಯೇ ನಮ್ಮ ಕಟ್ಟೆಗೆ ಬಂದು ಕೂತರು.

"ದಾಕ್ಷಕ್ಕಾ, ಬಿತ್ತಗಿ ದಿನದಾಗ ಹತ್ತಿದ ವಿಮಾನ. ಜ್ವಾಳಕ್ಕ ತೆನಿ ಬಂದ್ರೂ ಇಳಿದಿಲ್ಲ. ಮಂದಿ ನನ್ನ ಮನೀ ಮುಂದ ಬಂದು ನಿಂದ್ರಾಕತ್ತಾರ."

"ಯಾರ ಮನ್ಯಾಗ ಐತ್ರಿ ಈ ಕಾಯೋದು?"

"ಬಾಸಿಂಗದ ಗುರುಪಾದಪ್ಪ. ಹೆಂಡತಿ ಕಸ್ತೂರಿ, ತಂಗಿ ಮಗಳ ಬಾಣಂತನಕ್ಕ ಹೋಗಿದ್ಲು. ಇಬ್ಬರನ್ನ ಕಳಿಸಿ ನೋಡ್ದೆ. ಆಗ್ಲಿಲ್ಲ. ಈಗ ನೀನ ಗತಿ."

ಗುರುಪಾದಪ್ಪ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವವರು. ಅವರ ಮನೆಯ ಪಡಸಾಲೆಯ ತುಂಬ ಬೆಂಡು, ಮಿರುಗುವ ಬೇಗಡೆ ಹಾಳೆ, ಬಣ್ಣದ ಕಾಗದ. ವಯಸ್ಸು ಐವತ್ತು ದಾಟಿತ್ತು. ಎದ್ದು ನಿಂತು ಬರಮಾಡಿಕೊಂಡರು.

"ನಾ ಏನ್ ಕಾಯಾಕತ್ತಿಲ್ರಿ ದಾಕ್ಷಾಯಣವ್ವಾರ. ಸುಮ್ನ ನಿಮಗ ತ್ರಾಸ ಕೊಟ್ಟಾರ."

ಅವರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ ಎರಡು ತಾಟು ಹಾಕಿದ್ದವು.

"ಮತ್ತ ಅದು ಯಾರಿಗ್ರಿ?"

ಅವರು ತಿರುಗಿ ನೋಡಿದರು. ನಿಜವಾಗಿಯೂ ಈಗಲೇ ಕಂಡವರ ಹಾಗೆ ನೋಡಿದರು. "ಕೈ ತಾನ ಹಾಕ್ತೈತ್ರಿ," ಎಂದರು.

ಮೊದಲ ವಾರ ನನ್ನ ಬತ್ತಳಿಕೆಯೆಲ್ಲ ಖಾಲಿಯಾಯಿತು. ಶಾವಿಗೆ ಹೊಸೆಯಲು ಕೂರಿಸಿದೆ. ಬಾಸಿಂಗದ ಕೈ, ಎಳೆ ಕೂದಲಿನಷ್ಟು ಸಣ್ಣಗೆ ಬಂತು, ಆದರೆ ಒಂದು ಕಣ್ಣು ಬೀದಿಯ ಕಡೆಗೇ. ಜಗಳ ತೆಗೆದೆ. "ನಿಮ್ಮ ಬಾಸಿಂಗ ರೆಕ್ಕಿ ಕಿತ್ತ ನವಿಲಿನ ಹಂಗ ಕಾಣ್ತಾವ," ಎಂದೆ. ಬೇರೆಯವರಾಗಿದ್ದರೆ ಹೊರಗೆ ಹಾಕುತ್ತಿದ್ದರು. ಅವರು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ, "ಖರೇ ಐತಿ. ಕಸ್ತೂರಿನೂ ಹಿಂಗ ಅಂತಿದ್ಲು," ಎಂದರು. ಹಾಗಲಕಾಯಿ ಕಂಡರೆ ಕಸ್ತೂರಿ. ಸೀನು ಬಂದರೆ ಕಸ್ತೂರಿ. ಬೆಕ್ಕು ಅಡ್ಡ ಬಂದರೂ ಅದನ್ನು ಸಾಕಿದ್ದು ಕಸ್ತೂರಿ. ಇಂಥ ಗಂಡಸನ್ನು ನಾನು ನೋಡಿರಲಿಲ್ಲ. ನನ್ನ ಕಸುಬಿನಲ್ಲಿ ಹೆಂಗಸರನ್ನೇ ಹೆಚ್ಚು ಮರೆಸಬೇಕಾಗಿ ಬರುತ್ತದೆ. ಗಂಡಸರು ಸಾಮಾನ್ಯವಾಗಿ ತಾವೇ ಮರೆತುಕೊಂಡಿರುತ್ತಾರೆ.

ಒಂದು ಮಧ್ಯಾಹ್ನ ಸೋತು ಸುಮ್ಮನೆ ಬೇಗಡೆ ಕತ್ತರಿಸುತ್ತ ಕೂತಿದ್ದೆ. ಅವರೇ ಮಾತು ತೆಗೆದರು.

"ಆ ಊರಾಗ ನಿಮ್ಮವರು ಯಾರಾರ ಅದಾರೇನ್ರಿ?"

"ಯಾರೂ ಇಲ್ರಿ. ಇದ್ದಿದ್ರ ಈ ಕೆಲಸ ಕೊಡ್ತಿದ್ದಿಲ್ಲ."

"ಹಂಗಾರ ನೀವು ಯಾರಿಗೂ ಕಾದs ಇಲ್ಲ."

"ಇಲ್ಲ."

"ನಿಮಗ ಯಾರಾರ ಕಾದಾರ?"

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಬಾಯಿಗೆ ಸದಾ ಬರುತ್ತಿದ್ದ ಕಥೆಗಳಲ್ಲಿ ಒಂದೂ ಬರಲಿಲ್ಲ. ನಿಜವೇ ಬಂತು. ನಾವು ಏಳು ಮಂದಿ ಮಕ್ಕಳು. ಊಟಕ್ಕೆ ಕೂತಾಗ ಒಂದು ತಲೆ ಕಡಿಮೆಯಿದ್ದರೆ ಅವ್ವನಿಗೆ ತಿಳಿಯುತ್ತಿರಲಿಲ್ಲ. ಚಿಕ್ಕವಳಿದ್ದಾಗ ಒಮ್ಮೆ ಮೇವಿನ ಬಣವೆಯ ಹಿಂದೆ ಅಡಗಿ ಕೂತಿದ್ದೆ, ಯಾರಾದರೂ ಹುಡುಕಿಕೊಂಡು ಬರಲಿ ಎಂದು. ದನಗಳು ಮನೆಗೆ ಬಂದವು, ದೀಪ ಹಚ್ಚಿದರು, ಎಲ್ಲರೂ ಉಂಡರು. ಕೊನೆಗೆ ಹಸಿವಾಗಿ ನಾನೇ ಎದ್ದು ಹೋದೆ. "ಕೈ ತೊಳ್ಕೊ," ಎಂದಳು ಅವ್ವ. ಅಷ್ಟೆ. ಅವಳ ತಪ್ಪೂ ಅಲ್ಲ ಬಿಡಿ, ಕೆಲಸ ಹಾಗಿತ್ತು.

ಇದನ್ನು ಹೇಳಿ ಮುಗಿಸಿದಾಗ ಗುರುಪಾದಪ್ಪನವರ ಕೈಯಲ್ಲಿದ್ದ ಅಂಟಿನ ಕಡ್ಡಿ ಹಾಗೇ ನಿಂತಿತ್ತು. ಅಂಟು ಧೋತರದ ಮೇಲೆ ತೊಟ್ಟಿಕ್ಕುತ್ತಿತ್ತು. ಅಷ್ಟು ಹೊತ್ತು ಅವರು ಬೀದಿಯ ಕಡೆ ನೋಡಿರಲಿಲ್ಲ. ಔಷಧ ಸಿಕ್ಕಿತು ಎಂದುಕೊಂಡೆ.

ಮರುದಿನದಿಂದ ನನ್ನ ಕಥೆಯನ್ನೇ ಹೇಳತೊಡಗಿದೆ. ಮೊದಮೊದಲು ಅದು ಕಸುಬೇ ಆಗಿತ್ತು. ಹೇಳುತ್ತ ಹೇಳುತ್ತ, ನನ್ನ ಬದುಕಿನಲ್ಲಿ ಇಷ್ಟೊಂದು ಸಂಗತಿಗಳಿದ್ದವೇ ಎಂದು ನನಗೇ ಆಶ್ಚರ್ಯವಾಯಿತು. ಅವರು ಕೇಳುತ್ತಿದ್ದರು, ನಡುನಡುವೆ "ಆಮ್ಯಾಲ?" ಎನ್ನುತ್ತಿದ್ದರು. ಎರಡನೆಯ ತಾಟು ಈಗಲೂ ಬೀಳುತ್ತಿತ್ತು, ಆದರೆ ಅದರ ಮುಂದೆ ನನ್ನನ್ನು ಕೂರಿಸಿ ರೊಟ್ಟಿ ಬಡಿಸತೊಡಗಿದರು. ಉಣ್ಣುತ್ತಿದ್ದೆ. ಬೆಳಿಗ್ಗೆ ಎದ್ದು ಯಾವ ಸೀರೆ ಉಡಲಿ ಎಂದು ಪೆಟ್ಟಿಗೆ ಕೆದಕುವ ಅಭ್ಯಾಸವೂ ಬಂತು. ಸುತ್ತಿ ಬಳಸಿ ಹೇಳುವುದೇನಿದೆ, ನನಗೆ ಅವರು ಬೇಕಾಗಿದ್ದರು. ಅವರು ಮರೆತರೆ ವಿಮಾನ ಇಳಿಯುತ್ತದೆ, ವಿಮಾನ ಇಳಿದರೆ ಆ ತಾಟು ನನ್ನದಲ್ಲ. ಕೂತ ಕೊಂಬೆಯನ್ನೇ ಕಡಿಯುವವರನ್ನು ನೋಡಿ ನಗುತ್ತೇವೆ. ದಿನಾ ಬೆಳಿಗ್ಗೆ ಸೀರೆ ಆರಿಸಿಕೊಂಡು ನಾನು ಮಾಡುತ್ತಿದ್ದುದೂ ಅದೇ.

"ಸಪ್ಪಳ ಕೇಳಾಕತ್ತೈತಿ," ಎಂದರು ಮೋದಿನಸಾಬರು ಒಂದು ದಿನ, ಖುಷಿಯಿಂದ. "ದೂರದಾಗ ಐತಿ. ಆದ್ರ ಬರಾಕತ್ತೈತಿ."

ಆ ಸಪ್ಪಳ ನನಗೂ ಕೇಳಿತು. ಮರುದಿನ ಜ್ವರವೆಂದು ಹೇಳಿ ಮನೆಯಲ್ಲೇ ಮಲಗಿದೆ. ಅದರ ಮರುದಿನವೂ ಏಳಲಿಲ್ಲ. ಸಂಜೆ ಬಾಗಿಲು ತಳ್ಳಿಕೊಂಡು ನಮ್ಮ ಓಣಿಯ ಮಹಾನಂದಾ ಬಂದಳು. ಅವಳಿಗೆ ನಿಶ್ಚಯವಾಗಿದ್ದ ಹುಡುಗ ಈರಣ್ಣ ಅದೇ ವಿಮಾನದಲ್ಲಿದ್ದ. ಸುಗ್ಗಿಗೆ ಮದುವೆ ಎಂದು ಮಾತಾಗಿತ್ತು. ಅವಳು ಮಾತ್ರ ಒಂದು ದಿನವೂ ಕಾದವಳಲ್ಲ. ಅವನ ನೆನಪು ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯುತ್ತಿದ್ದಳು. ಅವರ ಹಿತ್ತಲಿನಲ್ಲಿ ಎರಡು ವರ್ಷಕ್ಕಾಗುವಷ್ಟು ಕಟ್ಟಿಗೆ ಬಿದ್ದಿತ್ತು.

"ಸಪ್ಪಳ ನಿಂತೈತಿ ಅಕ್ಕಾ," ಎಂದಳು. "ನೀ ಎರಡು ದಿನ ಹೋಗಿಲ್ಲಂತ."

"ಜ್ವರಾ ಬಂದಾವವಾ."

ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಹಾಸಿಗೆಯ ಅಂಚಿನಲ್ಲಿ ಕೂತಳು.

"ಅಂವನ ಮಾರಿ ನೆನಪ ಆಗವಲ್ದು ಅಕ್ಕಾ. ನೆನಸಿದ್ರ ಕಾಯಬೇಕಾಗ್ತೈತಿ ಅಂತ ಹೆದರಿ ಹೆದರಿ, ಈಗ ಬೇಕಂದ್ರೂ ಬರವಲ್ದು. ಮೂಗು ಹೆಂಗಿತ್ತು, ನಕ್ರ ಹೆಂಗ ಕಾಣ್ತಿದ್ದ, ಒಂದೂ ಇಲ್ಲ. ಇನ್ನೂ ತಡಾ ಆದ್ರ ಅಂವಾ ಇಳಿದಾಗ ನನಗ ಗುರ್ತs ಸಿಗಂಗಿಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ಕಳಿಸಿಬಿಡುತ್ತಿದ್ದೆನೋ ಏನೋ. ಕಟ್ಟಿಗೆ ಒಡೆದು ಗುಳ್ಳೆ ಎದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ನಾಳೆ ಹೋಗುತ್ತೇನೆಂದು ಹೇಳಿದೆ.

ಗುರುಪಾದಪ್ಪನವರು ಬಾಗಿಲಲ್ಲೇ ನಿಂತಿದ್ದರು. "ಎರಡು ದಿನ ಬರ್ಲಿಲ್ಲ," ಎಂದರು. ಆ ಎರಡು ದಿನ ಅವರು ಬೀದಿ ನೋಡಿದ್ದು ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಕೇಳಬಾರದು ಎಂದು ದಾರಿಯಲ್ಲೇ ಗಟ್ಟಿ ಮಾಡಿಕೊಂಡು ಬಂದಿದ್ದೆ. ಕೂತು, ಬೆಂಡು ಕೈಗೆತ್ತಿಕೊಂಡು, ನನ್ನನ್ನು ನೋಡಲು ಬಂದಿದ್ದ ಒಬ್ಬನೇ ಒಬ್ಬ ವರನ ಕಥೆ ಶುರು ಮಾಡಿದೆ. ಎಲ್ಲಕ್ಕಿಂತ ಒಳ್ಳೆಯದೆಂದು ಅದನ್ನು ಉಳಿಸಿಟ್ಟುಕೊಂಡಿದ್ದೆ.

ವರ ದಪ್ಪಗಿದ್ದ, ನಾಚಿಕೆಯವನು. ನನ್ನ ಕಡೆ ಕಣ್ಣೆತ್ತಿ ನೋಡಲೇ ಇಲ್ಲ. ಉಪ್ಪಿಟ್ಟನ್ನು ಮಾತ್ರ ನಾಲ್ಕು ಸಲ ಹಾಕಿಸಿಕೊಂಡ. ಹಿರಿಯರು "ಹುಡುಗಿ ಒಪ್ಪಿಗೆಯೇನಪ್ಪ?" ಎಂದು ಕೇಳಿದಾಗ ತಟ್ಟೆ ನೋಡುತ್ತಲೇ, "ಈ ಉಪ್ಪಿಟ್ಟು ಮಾಡಿದವರನ್ನ ಕೊಡೋದಾದ್ರ ನನ್ನದೇನೂ ತಕರಾರಿಲ್ಲ," ಎಂದ. ಉಪ್ಪಿಟ್ಟು ಮಾಡಿದ್ದು ನಮ್ಮ ಸೋದರತ್ತೆ, ಮೂರು ಮಕ್ಕಳ ತಾಯಿ. ಅವಳ ಗಂಡ ಅಲ್ಲೇ ವರನ ಪಕ್ಕದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

ಗುರುಪಾದಪ್ಪನವರು ನಕ್ಕರು. ಅವರ ನಗುವನ್ನು ನಾನು ಆವರೆಗೆ ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಆಗಲೇ ಮಾಡಿನ ಮೇಲೆ ಸಪ್ಪಳ ಬಂತು. ಹೆಂಚು ಅದುರಿದವು, ಬೇಗಡೆಯ ಚೂರುಗಳು ನೆಲದಿಂದೆದ್ದು ಹಾರಿದವು, ಓಣಿಯಲ್ಲಿ ಜನ ಓಡತೊಡಗಿದರು. ಅವರ ತಲೆಯ ಮೇಲೆ ಒಂದು ಕೆಂಪು ಬೇಗಡೆ ಬಂದು ಕೂತಿತು. ಅವರಿಗೆ ಏನೂ ಕೇಳಿಸಿರಲಿಲ್ಲ.

"ಆಮ್ಯಾಲ?" ಎಂದರು. "ಆಮ್ಯಾಲ ಏನಾತು?"

ಆಮೇಲಿನದು ಬೇಕಾದಷ್ಟಿತ್ತು. ಸೋದರತ್ತೆಯ ಗಂಡ ಎದ್ದು ನಿಂತದ್ದು, ಅವ್ವ ಒಳಗೆ ಓಡಿದ್ದು, ನಾನು ಹಿತ್ತಲಲ್ಲಿ ಕೂತು ಉಳಿದ ಉಪ್ಪಿಟ್ಟು ತಿಂದದ್ದು. ಸಂಜೆಯವರೆಗೂ ಹೇಳಬಹುದಿತ್ತು.

"ಆಮ್ಯಾಲ ಏನಿಲ್ರಿ," ಎಂದೆ. "ಕಸ್ತೂರಕ್ಕಾರು ಬಂದಾರ. ಏಳ್ರಿ."

"ಯಾವ ಕಸ್ತೂ..." ಎಂದವರು ಅಲ್ಲೇ ನಿಂತರು. ಮುಖದಲ್ಲಿ ನಗು ಇನ್ನೂ ಇತ್ತು, ಅದರ ಕೆಳಗಿನಿಂದ ಬೇರೆ ಏನೋ ಏರಿ ಬಂತು. ಬರಿಗಾಲಲ್ಲೇ ಓಡಿದರು.

ಮರೆಸುವವರು ನಿಲ್ದಾಣಕ್ಕೆ ಹೋಗಬಾರದು, ಹಿತ್ತಲ ಬಾಗಿಲಿನಿಂದ ಮನೆಗೆ ಹೋಗಬೇಕು. ಅದು ನಮ್ಮ ಪದ್ಧತಿ. ನಾನು ನಿಲ್ದಾಣಕ್ಕೇ ಹೋದೆ. ಗಿರಣಿಯ ಹಿಂದೆ ನಿಂತು ನೋಡಿದೆ. ಮಹಾನಂದಾ ಇಳಿಯುತ್ತಿದ್ದ ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿದ್ದಳು. ಈರಣ್ಣನೇ ನೆಟ್ಟಗೆ ಬಂದು ಅವಳ ಮುಂದೆ ನಿಂತ. ಅವಳು ಅವನ ಮೂಗನ್ನು ಬೆರಳಿನಿಂದ ಮುಟ್ಟಿದಳು, ಅಷ್ಟು ಜನರ ಎದುರಿಗೆ. ಕಸ್ತೂರಿಬಾಯಿ ಕೊನೆಗೆ ಇಳಿದರು. ಗುಂಡು ಮುಖ, ಕಾಲು ಬಾತುಕೊಂಡಿದ್ದವು. ಇಳಿದವರು ಮೊದಲು ಕೇಳುವ ಮಾತು ನಮ್ಮಲ್ಲಿ ಒಂದೇ. ಅದನ್ನೇ ಕೇಳಿದರು.

"ಕಾದ್ರೇನು?"

ಅದಕ್ಕೆ ಉತ್ತರವೂ ಒಂದೇ. ಇಲ್ಲ, ನೆನಪೇ ಇರಲಿಲ್ಲ ಎನ್ನಬೇಕು. ನಮ್ಮೂರಲ್ಲಿ ಗಂಡ ಹೆಂಡತಿಗೆ ಹೇಳಬಹುದಾದ ಅತ್ಯಂತ ಪ್ರೀತಿಯ ಮಾತು ಅದು. ನೆನಪಿದ್ದೂ ಹೇಳುತ್ತಾರೆ, ಕೇಳುವವರಿಗೂ ಗೊತ್ತಿರುತ್ತದೆ. ಗುರುಪಾದಪ್ಪನವರು ಬಾಯಿ ತೆರೆದರು, ಮಾತು ಬರಲಿಲ್ಲ. ಸುತ್ತ ನಿಂತವರು "ಪಾಪ, ಸಂತೋಷಕ್ಕ," ಎಂದರು. ಕೊನೆಗೆ, "ಇಲ್ಲ ಕಸ್ತೂರಿ, ನೆನಪs ಇರ್ಲಿಲ್ಲ," ಎಂದು ಹೇಳಿ ಹೆಗಲ ಮೇಲಿನ ಪಂಚೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಅದು ನಿಜವೆಂದು ಅಲ್ಲಿ ಇಬ್ಬರಿಗೇ ಗೊತ್ತಿತ್ತು, ಅವರಿಗೆ ಮತ್ತು ನನಗೆ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಕಸ್ತೂರಿಬಾಯಿ ಹಾಗಲ್ಲ. ವಾರದೊಳಗೆ ಕುಪ್ಪಸದ ಬಟ್ಟೆ, ಕರದಂಟು ಹಿಡಿದು ಮನೆಗೆ ಬಂದರು. "ನೀವು ಇಲ್ದಿದ್ರ ನಾ ಇನ್ನೂ ಮ್ಯಾಲೆ ಕೂತಿರ್ತಿದ್ನಿ," ಎಂದು ನನ್ನ ಕೈ ಹಿಡಿದುಕೊಂಡರು. ಅವರನ್ನು ದ್ವೇಷಿಸಲು ಪ್ರಯತ್ನಪಟ್ಟೆ, ಅದೂ ನನ್ನ ಕೈಲಾಗಲಿಲ್ಲ. ಅವರ ಗಂಡ ಓಣಿಯಲ್ಲಿ ಸಿಕ್ಕರೆ "ಆರಾಮದೀರಿ?" ಎನ್ನುತ್ತಿದ್ದರು. "ಆರಾಮ್ರಿ," ಎನ್ನುತ್ತಿದ್ದೆ. ಅಷ್ಟರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಹೋಗಿರುತ್ತಿದ್ದೆವು.

ಮೋದಿನಸಾಬರು ಬೇರೆ ಮನೆಗೆ ಕಳಿಸಿದರು. ಆ ಮನೆಯ ಸೊಸೆಗೆ ಹಪ್ಪಳ ಲಟ್ಟಿಸಲು ಹಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಆ ಹುಡುಗಿಯೇ ಲಟ್ಟಣಿಗೆ ನಿಲ್ಲಿಸಿ, "ದಾಕ್ಷಕ್ಕಾ, ನೀ ಯಾರ ದಾರಿ ನೋಡಾಕತ್ತಿ?" ಎಂದು ಕೇಳಿದಳು. ಆ ಸಂಜೆಯೇ ಹೋಗಿ ಕೆಲಸ ಬಿಟ್ಟೆ. ಮೋದಿನಸಾಬರು ಕಾರಣ ಕೇಳಲಿಲ್ಲ. "ಎಲ್ಲಿಗರ ಹೋಗಿ ಬಾರವಾ," ಎಂದು ಅವರೇ ವಿಮಾನ ಹತ್ತಿಸಿದರು.

ಆಚೆ ಊರಿನಲ್ಲಿ ನನಗೆ ಯಾರಿದ್ದಾರೆ. ಕೊಟ್ಟ ಚಹಾ ಆರುವ ಮೊದಲೇ ಇಳಿದಿದ್ದೆ. ಇಷ್ಟು ಬೇಗ ಯಾರೂ ಬಂದದ್ದಿಲ್ಲ ಎಂದು ವಿಮಾನ ನಡೆಸುವ ಹುಡುಗರು ಹೊಗಳಿದರು. ನನಗೆ ಎದೆಯಲ್ಲಿ ಕಲ್ಲಿಟ್ಟ ಹಾಗಾಯಿತು. ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದೆ. ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಊರು ಚೆನ್ನಾಗಿತ್ತು, ಜನ ಒಳ್ಳೆಯವರು. ಆದರೆ ಯಾವ ಊರಲ್ಲೂ ನನಗಾಗಿ ಯಾರೂ ಕಾಯುವುದಿಲ್ಲ ಎಂದಾದ ಮೇಲೆ ನಮ್ಮೂರಲ್ಲೇ ಯಾರೂ ಕಾಯದೆ ಇರಲಿ ಅನ್ನಿಸಿತು. ಬರುತ್ತೇನೆಂದು ಯಾರಿಗೂ ತಿಳಿಸಲಿಲ್ಲ.

ಹಿಂದಿರುಗುವ ವಿಮಾನ ಹತ್ತಿದೆ. ಹೋಗುವಾಗ ಇಳಿದಷ್ಟು ಬೇಗ ಈಗಲೂ ಇಳಿದುಬಿಟ್ಟರೆ ನಮ್ಮೂರಿನಲ್ಲಿ ಮತ್ತೆ ಹೇಗೆ ಬದುಕುವುದು ಎಂದು ಹೆದರಿದ್ದೆ. ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದೆ. ಚಹಾ ಕೊಟ್ಟರು. ಕುಡಿಯಲಿಲ್ಲ, ಕೈಯಲ್ಲೇ ಹಿಡಿದುಕೊಂಡೆ. ಬಿಸಿಯಿತ್ತು. ಆಮೇಲೆ ಉಗುರುಬೆಚ್ಚಗಾಯಿತು. ಆಮೇಲೆ ಕೆನೆ ಕಟ್ಟಿ ತಣ್ಣಗಾಯಿತು. ಕಣ್ಣು ತೆರೆದು ನೋಡಿದರೆ ಸೂರ್ಯ ಕಿಟಕಿಯಲ್ಲಿ ನಿಂತಿದ್ದ.

ಊಟದ ಡಬ್ಬಿಗಳು ಖಾಲಿಯಾದವು. ಒಂದು ಕೂಸು ಅತ್ತು ಮಲಗಿ, ಎದ್ದು ಮತ್ತೆ ಅತ್ತಿತು. ವಿಮಾನ ನಡೆಸುವವನು ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ.

"ಯಾರ ಮನ್ಯಾಗ್ರಿ ಇದು? ಯಾರೋ ಭಾಳ ಕಾಯಾಕತ್ತಾರ."

"ನಮ್ಮ ಮನ್ಯಾಗ ಅಲ್ಲಪಾ, ಎಲ್ಲಾರಿಗೂ ಆಣಿ ಹಾಕಿಸಿ ಬಂದೀನಿ," ಎಂದಳು ಕೂಸಿನ ತಾಯಿ. ಒಬ್ಬೊಬ್ಬರೂ ತಮ್ಮ ಮನೆಯವರ ಪರವಾಗಿ ಪ್ರಮಾಣ ಮಾಡಿದರು. ಕಣ್ಣುಗಳು ಸಾಲು ಸಾಲು ದಾಟಿ ನನ್ನ ಬಳಿ ಬಂದವು, ನಿಲ್ಲದೆ ಮುಂದೆ ಹೋದವು.

"ದಾಕ್ಷಕ್ಕಂದು ಅಲ್ಲ ಬಿಡ್ರಿ. ಆಕೀಗೆ ಯಾರದಾರ," ಎಂದರು ಯಾರೋ ಹಿಂದಿನಿಂದ.

"ಹೌದ್ರಿ," ಎಂದೆ. "ನನಗ ಯಾರೂ ಇಲ್ಲ."

ಮುಖವನ್ನು ಕಿಟಕಿಗೆ ತಿರುಗಿಸಿಕೊಂಡೆ. ಮಹಾನಂದಾಳೋ, ಮೋದಿನಸಾಬರೋ, ಆ ಕಸ್ತೂರಿಬಾಯಿಯೇ ಇದ್ದರೂ ಇರಬಹುದು. "ಆಮ್ಯಾಲ?" ಎನ್ನುತ್ತಿದ್ದ ಅವರೂ ಇರಬಹುದು. ಯಾರೆಂದು ತಿಳಿಯುವ ಆತುರ ನನಗಿರಲಿಲ್ಲ. ಉಳಿದವರ ತೊಂದರೆ ಕಂಡು ನಾಚಿಕೆಯಾಗುತ್ತಿತ್ತು, ಆ ಕೂಸು ಮತ್ತೆ ಅಳುತ್ತಿತ್ತು. ಅದನ್ನು ಎತ್ತಿಕೊಂಡು ಬೆನ್ನು ತಟ್ಟುತ್ತ ಕೆಳಗೆ ನೋಡಿದೆ. ಬರೀ ಬಯಲು, ನಮ್ಮೂರಿನ ಸುಳಿವೇ ಇರಲಿಲ್ಲ.

"ಇನ್ನೂ ಭಾಳ ದೂರ ಐತ್ರಿ ಅಕ್ಕಾರ," ಎಂದ ವಿಮಾನ ನಡೆಸುವವನು, ತಪ್ಪು ತನ್ನದೇ ಎಂಬ ಹಾಗೆ.

"ಇರ್ಲಿ ಬಿಡಪಾ," ಎಂದೆ.